ಕೇಳದಿದ್ದರೂ ಲೋಡ್ ಆಗುವ ಫರ್ಮ್‌ವೇರ್

ಬೆಂಗಳೂರಿನ ಕಾಲೇಜು ಲ್ಯಾಬ್ ಇರಲಿ, ಎಲೆಕ್ಟ್ರಾನಿಕ್ ಸಿಟಿಯ ಆಫೀಸ್ ಇರಲಿ, ರಿಸ್ಕ್-ಫೈವ್ ಎಂಬ ಪ್ರೊಸೆಸರ್ ವಿನ್ಯಾಸಕ್ಕೆ ಬರೆದ ಕೋಡ್‌ನ ಮೊದಲ ಓಟ ಹೆಚ್ಚಾಗಿ ಕ್ಯೂಎಮುನಲ್ಲೇ, ಅಂದರೆ ಕಂಪ್ಯೂಟರನ್ನೇ ಅನುಕರಿಸುವ ಸಾಫ್ಟ್‌ವೇರ್‌ನಲ್ಲಿ. ಬೋರ್ಡ್ ಕೈಗೆ ಸಿಗುವುದು ಆಮೇಲೆ. ಹಳೇ ಟ್ಯುಟೋರಿಯಲ್‌ನ ಕಮಾಂಡನ್ನು ಹಾಗೇ ಕೊಟ್ಟವರಿಗೆ ಮಾತ್ರ ಮೆಮೊರಿ ಭಾಗಗಳು ಒಂದರ ಮೇಲೊಂದು ಬರುತ್ತಿವೆ ಎಂಬ ಎರರ್ ಕಾದಿರುತ್ತದೆ.

ಕಾರಣ ಇಷ್ಟೇ. 2019ರ 4.1 ಆವೃತ್ತಿಯಿಂದ ಕ್ಯೂಎಮು ಜೊತೆಗೇ ಓಪನ್‌ಎಸ್‌ಬಿಐ ಎಂಬ ಫರ್ಮ್‌ವೇರ್‌ನ (ಯಂತ್ರ ಶುರುವಾದೊಡನೆ ಮೊದಲು ಓಡುವ ಪ್ರೋಗ್ರಾಂ) ಬೈನರಿ ಬರುತ್ತದೆ. 2020ರ 5.1ರಿಂದ, ಯಾವ ಫರ್ಮ್‌ವೇರ್ ಬೇಕೆಂದು ಹೇಳುವ ಬಯೋಸ್ ಆಯ್ಕೆ (-bios) ಕೊಡದಿದ್ದರೂ ಅದು ತಾನಾಗಿ ಲೋಡ್ ಆಗುತ್ತದೆ. ಕ್ಯೂಎಮುನ 'ವರ್ಟ್' (virt) ಎಂಬ ಕಾಲ್ಪನಿಕ ಮಷೀನ್‌ನಲ್ಲಿ ಅದು ಕೂರುವುದು ರ‍್ಯಾಮ್ ಶುರುವಾಗುವ ಹೆಕ್ಸ್ 80000000ದಲ್ಲಿ. ನಿಮ್ಮ ಪ್ರೋಗ್ರಾಂ ಕೂಡ ಅಲ್ಲಿಗೇ ಲಿಂಕ್ ಆಗಿದ್ದರೆ ಜಗಳ ಖಂಡಿತ. ಬಯೋಸ್ ಆಯ್ಕೆಗೆ 'ನನ್' (none) ಎಂದು ಕೊಡಿ, ಸರಿಹೋಗುತ್ತದೆ. ಕಲಿಕೆಗಾಗಿ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್ ಎಕ್ಸ್‌ವಿ6ನ ಮೇಕ್‌ಫೈಲ್ ಮಾಡುವುದೂ ಇದನ್ನೇ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ: ಪ್ರೋಗ್ರಾಂ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಲಿಂಕರ್ ಸ್ಕ್ರಿಪ್ಟ್‌ನಲ್ಲಿ ವಿಳಾಸವನ್ನು 80200000ಕ್ಕೆ ಬದಲಿಸುತ್ತಾರೆ. ಎರರ್ ಮಾಯ. ಓಪನ್‌ಎಸ್‌ಬಿಐ ಬ್ಯಾನರ್ ಚೆನ್ನಾಗಿ ಮೂಡುತ್ತದೆ, ಆಮೇಲೆ ಸದ್ದೇ ಇಲ್ಲ, ಸಿಪಿಯು ಮಾತ್ರ ಪೂರ್ತಿ ಬಳಕೆಯಲ್ಲಿ. ಈಗ ನಿಮ್ಮ ಕೋಡ್ ಓಡುತ್ತಿರುವುದು ಎಲ್ಲ ಅಧಿಕಾರವಿರುವ ಎಂ-ಮೋಡ್‌ನಲ್ಲಲ್ಲ, ಅದಕ್ಕಿಂತ ಕಡಿಮೆ ಅಧಿಕಾರದ ಎಸ್-ಮೋಡ್‌ನಲ್ಲಿ. ಸಿಪಿಯು ಕೋರ್‌ನ (ಹಾರ್ಟ್) ಸಂಖ್ಯೆ ಇಟ್ಟಿರುವ ಎಂ-ಹಾರ್ಟ್‌ಐಡಿ ರಿಜಿಸ್ಟರ್ ಓದುವ ಮೊದಲ ಸಾಲೇ ಅಲ್ಲಿ ನಿಷಿದ್ಧ. ಇದರಿಂದ ಏಳುವ ಟ್ರ್ಯಾಪ್ (ತಪ್ಪಾದಾಗ ಸಿಪಿಯು ಓಟ ನಿಲ್ಲಿಸಿ ಬೇರೆಡೆ ಹಾರುವುದು) ಫರ್ಮ್‌ವೇರ್‌ಗೆ ಹೋಗುತ್ತದೆ, ಫರ್ಮ್‌ವೇರ್ ಅದನ್ನು ನಿಮ್ಮ ಎಸ್-ಮೋಡ್ ಹ್ಯಾಂಡ್ಲರ್‌ಗೇ (ಟ್ರ್ಯಾಪ್ ನಿಭಾಯಿಸುವ ಕೋಡ್) ತಿರುಗಿಸುತ್ತದೆ. ನೀವಿನ್ನೂ ಹ್ಯಾಂಡ್ಲರ್ ಇಟ್ಟಿಲ್ಲ. ಓಪನ್‌ಎಸ್‌ಬಿಐ ಹ್ಯಾಂಡ್ಲರ್ ವಿಳಾಸ ಇರಬೇಕಾದ ಜಾಗದಲ್ಲಿ ಮೊದಲೇ ತುಂಬಿಟ್ಟಿರುವುದು ನಿಮ್ಮ ಕೋಡ್‌ನ ಆರಂಭದ ವಿಳಾಸವನ್ನು. ಹಾಗಾಗಿ ಮತ್ತೆ ಅದೇ ಸಾಲು, ಮತ್ತೆ ಅದೇ ಟ್ರ್ಯಾಪ್. ಡೀಬಗರ್ ಆದ ಜಿಡಿಬಿ ಹಾಕಿ ನೋಡಿದರೆ ಪಿಸಿ (ಈಗ ಓಡುತ್ತಿರುವ ಸಾಲಿನ ವಿಳಾಸ) 80200000ದ ಆಸುಪಾಸಿನಲ್ಲೇ ಗಿರಕಿ ಹೊಡೆಯುತ್ತಿರುತ್ತದೆ. ವಿಳಾಸ ಬದಲಿಸುವುದಾದರೆ ಹಾರ್ಟ್ ಐಡಿಯನ್ನು ಎ0 ರಿಜಿಸ್ಟರ್‌ನಿಂದ, ಡಿವೈಸ್ ಟ್ರೀ (ಮಷೀನ್‌ನ ಹಾರ್ಡ್‌ವೇರ್ ವಿವರ) ವಿಳಾಸವನ್ನು ಎ1ರಿಂದ ತೆಗೆದುಕೊಳ್ಳಿ. ಟೈಮರ್‌ಗೆ ಎಸ್‌ಬಿಐ ಕರೆ, ಅಂದರೆ ಫರ್ಮ್‌ವೇರ್‌ಗೆ ಕೆಲಸ ಹೇಳುವ ಕರೆ, ಬಳಸಿ. ಲಿನಕ್ಸ್ ಬೂಟ್ ಮಾಡುವವರಿಗೆ ಈ ತಲೆನೋವಿಲ್ಲ. ಡೀಫಾಲ್ಟ್ ಇರುವುದೇ ಅವರಿಗಾಗಿ.

ನನ್ನ ಸಲಹೆ: ಸ್ಕ್ರಿಪ್ಟ್‌ನಲ್ಲಿ ಬಯೋಸ್ ಆಯ್ಕೆಯನ್ನು ಯಾವಾಗಲೂ ಬಾಯಿಬಿಟ್ಟು ಹೇಳಿ, ಡೀಫಾಲ್ಟೇ ಬೇಕಿದ್ದರೂ ಸರಿ.

ಕ್ಯೂಎಮುವನ್ನು ತಿದ್ದಿ ಗ್ರಾಹಕರಿಗೆ ಕೊಡುವ ತಂಡಗಳು ಇನ್ನೊಂದು ವಿಷಯ ಗಮನಿಸಬೇಕು. ಬೈನರಿಗಳು ಇರುವುದು ಪಿಸಿ-ಬಯೋಸ್ ಫೋಲ್ಡರ್‌ನಲ್ಲಿ, ಅವುಗಳ ಸೋರ್ಸ್ ರಾಮ್ಸ್ ಫೋಲ್ಡರ್‌ನಲ್ಲಿ ಗಿಟ್ ಸಬ್‌ಮಾಡ್ಯೂಲ್ ಆಗಿ. ಬೈನರಿ ಹೊಸದು, ಸಬ್‌ಮಾಡ್ಯೂಲ್ ಹಳೇದು ಎಂದಾದರೆ ನೀವು ಕೊಟ್ಟ ಸೋರ್ಸ್‌ನಿಂದ ಆ ಬೈನರಿಯನ್ನು ಮತ್ತೆ ಕಟ್ಟಲು ಆಗದು. ಎರಡನ್ನೂ ಒಟ್ಟಿಗೇ ಬದಲಿಸಿ. ಓಪನ್‌ಎಸ್‌ಬಿಐ ಲೈಸೆನ್ಸ್ ಬಿಎಸ್‌ಡಿ, ಕಾಪಿರೈಟ್ ಸೂಚನೆ, ಲೈಸೆನ್ಸ್ ಪಠ್ಯ ಉಳಿಸಿಕೊಂಡರೆ ಸಾಕು. ಎಕ್ಸ್86ಗೆ ಬರುವ ಸೀಬಯೋಸ್ ಎಲ್‌ಜಿಪಿಎಲ್. ಅದರ ಸೋರ್ಸ್ ಕೊಡಲೇಬೇಕು.

ಡೆಬಿಯನ್, ಉಬುಂಟುಗಳಲ್ಲಿ ಓಪನ್‌ಎಸ್‌ಬಿಐ ಪ್ರತ್ಯೇಕ ಪ್ಯಾಕೇಜ್. ಕಂಟೇನರ್ ಹಗುರವಾಗಿರಲಿ ಎಂದು ಅದನ್ನು ಬಿಟ್ಟರೆ ಬಯೋಸ್ ಸಿಗಲಿಲ್ಲ ಎಂದು ಕ್ಯೂಎಮು ನಿಲ್ಲುತ್ತದೆ. ಯಾವ ಫೋಲ್ಡರ್‌ಗಳಲ್ಲಿ ಹುಡುಕುತ್ತಿದೆ ಎಂದು ತಿಳಿಯಲು ದೊಡ್ಡ 'ಎಲ್' ಆಯ್ಕೆಗೆ 'ಹೆಲ್ಪ್' (-L help) ಕೊಟ್ಟು ನೋಡಿ.