ದಡದ ಕಲ್ಲಿಗೆ ಪಾಲಿಶ್: ಒರಟು ಹಂತಕ್ಕೆ ಅವಸರ ಬೇಡ

ಸರೋವರದ ದಡದಿಂದ ಕಲ್ಲು ಆರಿಸಿ ತಂದವರೆಲ್ಲರ ದೂರು ಒಂದೇ. ನೀರಲ್ಲಿದ್ದಾಗ ಕೆಂಪು, ಹಸಿರು, ಜೇನಿನ ಬಣ್ಣ ಅಂತ ಮಿಂಚುತ್ತಿದ್ದವು, ಮನೆಗೆ ತಂದು ಒಣಗಿದ ಮೇಲೆ ಎಲ್ಲ ಬೂದಿ ಬೂದಿ. ಕಲ್ಲೇನೂ ಬದಲಾಗಿಲ್ಲ. ಅಲೆಗಳು ಕಲ್ಲಿಗೆ ಕಲ್ಲು ಬಡಿಸಿ ಬಡಿಸಿ ಅದರ ಮೈತುಂಬ ಸಣ್ಣ ಸಣ್ಣ ಗಾಯ ಮಾಡಿರುತ್ತವೆ. ಒಣಗಿದಾಗ ಆ ಗಾಯಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ, ಹಾಗಾಗಿ ಮಂಕು. ಒದ್ದೆಯಾದಾಗ ನೀರು ಆ ಹಳ್ಳಗಳಲ್ಲಿ ತುಂಬಿಕೊಂಡು ಮೈಯನ್ನು ಸಮ ಮಾಡುತ್ತದೆ, ಒಳಗಿನ ಬಣ್ಣ ಕಾಣುತ್ತದೆ. ನೀರು ಎರಡು ನಿಮಿಷ ಮಾಡುವ ಈ ಕೆಲಸವನ್ನು ಕಾಯಂ ಮಾಡುವುದೇ ಪಾಲಿಶ್. ಅದಕ್ಕೆ ಟಂಬ್ಲರ್ ಅನ್ನುವ ಮಷಿನ್ ಬೇಕು: ಕಲ್ಲು, ನೀರು, ಗ್ರಿಟ್ ಅಂದರೆ ಕಲ್ಲು ಸವೆಸುವ ಗಟ್ಟಿ ಪುಡಿ ತುಂಬಿದ ಡ್ರಮ್ಮನ್ನು ಅದು ದಿನಗಟ್ಟಲೆ ಉರುಳಿಸುತ್ತದೆ. ಮೊದಲು ಒರಟು ಪುಡಿ, ಆಮೇಲೆ ಹಂತ ಹಂತವಾಗಿ ನುಣ್ಣನೆಯದು. ವಾರ್ನಿಶ್ ಬಳಿದು ಸುಮ್ನೆ ಕೂರುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ, ಅದು ಕಾಲಕ್ರಮೇಣ ಹಳದಿಯಾಗಿ ಸಿಪ್ಪೆ ಏಳುತ್ತದೆ.

ದಡದ ಒಂದು ಬೆಣಚುಕಲ್ಲನ್ನು ಭೂತಗನ್ನಡಿಯಲ್ಲಿ ನೋಡಿ. ಕೈಗೆ ನುಣ್ಣಗೆ ಹತ್ತುವ ಆ ಮೈಮೇಲೆ ಉಗುರಿನಿಂದ ಒತ್ತಿದ ಹಾಗೆ ಅರ್ಧಚಂದ್ರದ ಗುರುತುಗಳು, ಒಂದರ ಮೇಲೊಂದು. ಮೇಲ್ನೋಟಕ್ಕೆ ಬರೀ ಗೀರು ಅನ್ನಿಸಿದರೂ ಅವು ಬಿರುಕುಗಳು, ಒಳಕ್ಕೂ ಇಳಿದಿರುತ್ತವೆ. "ಕಲ್ಲು ಆಗಲೇ ದುಂಡಗಿದೆ, ಒರಟು ಹಂತ ಬಿಟ್ಟು ಮುಂದಿನದಕ್ಕೆ ಹೋಗಬಹುದು ಅಲ್ವಾ?" ಅಂತ ಕೇಳುವವರಿಗೆ ನಾನು ಈ ಗುರುತುಗಳನ್ನೇ ತೋರಿಸುತ್ತೇನೆ. ಆಕಾರ ಕೊಡುವ ಕೆಲಸವನ್ನು ಸರೋವರ ಮಾಡಿಕೊಟ್ಟಿದೆ, ನಿಜ. ಆದರೆ ಈ ಬಿರುಕುಗಳ ಬುಡದವರೆಗೆ ಮೈ ಸವೆಯದಿದ್ದರೆ ಎಷ್ಟೇ ಒಳ್ಳೆಯ ಪಾಲಿಶ್ ಪೌಡರ್ ಹಾಕಿದರೂ ಹೊಳಪಿನ ಮಧ್ಯೆ ಬಿಳಿ ಚುಕ್ಕೆ ಉಳಿಯುತ್ತದೆ.

ಅದಕ್ಕೂ ಮೊದಲು ಕಲ್ಲು ವಿಂಗಡಿಸಬೇಕು. ಬೇಸರದ ಕೆಲಸ, ಆದರೆ ತಪ್ಪಿಸುವಂತಿಲ್ಲ. ಖನಿಜ ವಿಜ್ಞಾನಿ ಫ್ರೀಡ್ರಿಕ್ ಮೋಸ್ 1812ರಲ್ಲಿ ಮಾಡಿದ 1ರಿಂದ 10ರ ಗಡಸುತನದ ಅಳತೆ ಇವತ್ತಿಗೂ ಇದಕ್ಕೆ ಸಾಕು. ಬೆಣಚು 7. ಬೆಣಚಿನ ಜಾತಿಯವೇ ಆದ ಅಗೇಟ್, ಜಾಸ್ಪರ್ ಅದರ ಆಸುಪಾಸು. ಸುಣ್ಣಕಲ್ಲು ಬರೀ 3. ಉಕ್ಕಿನ ಚಾಕು ಸುಮಾರು 5.5. ಚಾಕುವಿನ ತುದಿಯಿಂದ ಗೀರಿ ನೋಡಿ. ಕಲ್ಲಿನ ಮೇಲೆ ಗೀರು ಬಿದ್ದರೆ ಅದು ಮೆದು, ಬೇರೆ ಇಡಿ. ಚಾಕುವಿನ ಲೋಹವೇ ಕಲ್ಲಿನ ಮೇಲೆ ಬೂದು ಗೆರೆಯಾಗಿ ಅಂಟಿದರೆ ಕಲ್ಲು ಗಟ್ಟಿ. ಗೀರಿದಾಗ ಉದುರಿದ ಪುಡಿಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟಾಗ ಗುಳ್ಳೆ ಬಂದರೆ ಅದು ಸುಣ್ಣಕಲ್ಲಿನ ಜಾತಿ. ಗಟ್ಟಿ ಕಲ್ಲು, ಮೆದು ಕಲ್ಲು ಒಟ್ಟಿಗೆ ಡ್ರಮ್ಮಿಗೆ ಹಾಕಿದರೆ ಮೆತ್ತನೆಯದು ಸವೆದು ರಾಡಿಯಾಗುತ್ತದೆ, ಗಟ್ಟಿಯದು ಅರ್ಧಂಬರ್ಧ ಉಳಿಯುತ್ತದೆ.

ಕೆಲವು ಕಲ್ಲುಗಳನ್ನು ಅಲ್ಲೇ ದಡದಲ್ಲೇ ಬಿಟ್ಟು ಬರಬಹುದು. ಮರಳುಕಲ್ಲು ಹೊಳೆಯಲ್ಲ, ಅದರ ಕಾಳುಗಳು ಒಂದೊಂದಾಗಿ ಉದುರುತ್ತಲೇ ಇರುತ್ತವೆ. ತೂತು ತೂತಾದ ಬಸಾಲ್ಟ್ (ಲಾವಾ ಆರಿ ಆದ ಕಪ್ಪು ಕಲ್ಲು) ಬೇಡ. ಗ್ರಾನೈಟ್ ನೋಡಲು ಚಂದ, ಆದರೆ ಅದರೊಳಗಿನ ಅಭ್ರಕ ತುಂಬಾ ಮೆದು. ಅದು ಕಿತ್ತು ಬಂದು ಗುಳಿ ಬೀಳುತ್ತದೆ. ಸಣ್ಣ ಕಾಳಿನ ಗ್ರಾನೈಟ್ ಆದರೆ ಪರವಾಗಿಲ್ಲ. ಅಂದ ಹಾಗೆ, ಆರಿಸುವ ಮುಂಚೆ ಅಲ್ಲಿನ ನಿಯಮ ಕೇಳಿಕೊಳ್ಳಿ. ಎಷ್ಟೋ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಕಲ್ಲನ್ನೂ ತೆಗೆಯುವಂತಿಲ್ಲ.

ಇನ್ನು ಡ್ರಮ್ ತುಂಬುವುದು. ಉರುಳುವ ಮಾದರಿಯ ಟಂಬ್ಲರ್‌ನಲ್ಲಿ ಮೂರರಲ್ಲಿ ಎರಡು ಭಾಗದಿಂದ ಮುಕ್ಕಾಲು ಭಾಗದವರೆಗೆ ಕಲ್ಲಿರಬೇಕು. ಕಮ್ಮಿಯಾದರೆ ಕಲ್ಲುಗಳು ಎತ್ತರದಿಂದ ಬಿದ್ದು ಒಂದನ್ನೊಂದು ಜಜ್ಜುತ್ತವೆ, ನಾವು ತೆಗೆಯಲು ಹೊರಟ ಅರ್ಧಚಂದ್ರಗಳನ್ನೇ ಹೊಸದಾಗಿ ಮಾಡುತ್ತವೆ. ಜಾಸ್ತಿಯಾದರೆ ಉರುಳುವುದೇ ಇಲ್ಲ. ದೊಡ್ಡದು, ಸಣ್ಣದು ಬೆರೆಸಿ ಹಾಕಿ. ಕಲ್ಲು ಸಾಲದಿದ್ದರೆ ಸೆರಾಮಿಕ್ ತುಂಡುಗಳನ್ನು ಸೇರಿಸಿ. ನೀರು ಕಲ್ಲಿನ ಮೇಲಿನ ಸಾಲಿಗಿಂತ ತುಸು ಕೆಳಗಿರಲಿ. ಮಷಿನ್ ಸದ್ದು ಕೇಳಿಸಿಕೊಳ್ಳಿ. ಒಂದೇ ಸಮನೆ ಸರಸರ ಅಂದರೆ ಸರಿ, ಟಕ್ ಟಕ್ ಅಂದರೆ ನಿಲ್ಲಿಸಿ ಇನ್ನಷ್ಟು ತುಂಬಿ.

ಮೊದಲ ಹಂತಕ್ಕೆ, ಅಂದರೆ ಒರಟು ಹಂತಕ್ಕೆ, 60/90 ನಂಬರಿನ ಸಿಲಿಕಾನ್ ಕಾರ್ಬೈಡ್ ಗ್ರಿಟ್ (ನಂಬರ್ ಹೆಚ್ಚಿದಷ್ಟೂ ಪುಡಿ ನುಣ್ಣಗೆ). ಸುಮಾರು ಒಂದೂಕಾಲು ಕಿಲೋ ಹಿಡಿಯುವ ಸಣ್ಣ ಡ್ರಮ್ಮಿಗೆ ನಾಲ್ಕು ದೊಡ್ಡ ಚಮಚ ಸಾಕು. ಹಗಲು ರಾತ್ರಿ ಓಡಲಿ. ಒಂದು ವಾರದ ಹೊತ್ತಿಗೆ ಆ ಗ್ರಿಟ್ ಒಡೆದು ಪುಡಿಯಾಗಿ ಕಚ್ಚುವ ಶಕ್ತಿ ಕಳೆದುಕೊಂಡಿರುತ್ತದೆ. ಅದೇ ಗ್ರಿಟ್‌ನಲ್ಲಿ ಮೂರು ವಾರ ಓಡಿಸಿದರೆ ಕರೆಂಟ್ ದಂಡ. ತೆರೆದು, ತೊಳೆದು, ಒಣಗಿಸಿ ಒಂದೊಂದೇ ಕಲ್ಲು ನೋಡಿ. ಒಣಗಿಸಿಯೇ ನೋಡಬೇಕು, ಒದ್ದೆ ಕಲ್ಲು ಎಲ್ಲ ಗಾಯ ಮುಚ್ಚಿಡುತ್ತದೆ. ಬಿರುಕು ಹೋದದ್ದನ್ನು ಡಬ್ಬಿಯಲ್ಲಿ ಕೂಡಿಡಿ, ಉಳಿದದ್ದನ್ನು ಹೊಸ ಗ್ರಿಟ್ ಜೊತೆ ವಾಪಸ್ ಹಾಕಿ. ಕೆಲವು ಎರಡನೇ ವಾರಕ್ಕೆ ಮುಗಿಯುತ್ತವೆ, ಕೆಲವು ಐದಾರು ವಾರ ಹಟ ಹಿಡಿಯುತ್ತವೆ. ಒಂದು ಡ್ರಮ್ ತುಂಬುವಷ್ಟು ಸಿದ್ಧವಾದ ಮೇಲೆ ಮುಂದಿನ ಹಂತ.

ಮುಂದಿನದೆಲ್ಲ ಸಲೀಸು. 120/220, ಆಮೇಲೆ 500, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಪಾಲಿಶ್, ಒಂದೊಂದಕ್ಕೆ ವಾರದ ಲೆಕ್ಕ. ಇಲ್ಲಿ ಕೆಲಸ ಕೆಡಿಸುವುದು ಕೊಳೆ. ಬಿರುಕಿನಲ್ಲೋ, ಮುಚ್ಚಳದ ಅಂಚಿನಲ್ಲೋ ಅಡಗಿ ಕೂತ ಒರಟು ಗ್ರಿಟ್ಟಿನ ಒಂದೆರಡು ಕಾಳು ಪಾಲಿಶ್ ಹಂತಕ್ಕೆ ಹೋದರೂ ಇಡೀ ಡ್ರಮ್ಮಿನ ಕಲ್ಲುಗಳಿಗೆ ಗೀರು. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಕಲ್ಲು, ಡ್ರಮ್, ಮುಚ್ಚಳ ಮೂರನ್ನೂ ತಿಕ್ಕಿ. ಪಾಲಿಶ್‌ಗೆ ಬೇರೆಯದೇ ಡ್ರಮ್ ಇಟ್ಟುಕೊಂಡರೆ ಅರ್ಧ ತಲೆನೋವು ಕಮ್ಮಿ.

ದಡದ ಕಲ್ಲು ದುಂಡಗಿರುವುದರಿಂದ ಅದುರುವ ಮಾದರಿಯ ಮಷಿನ್ ವಾಸಿ ಅನ್ನುವವರಿದ್ದಾರೆ. ಅದು ಆಕಾರ ಕೆಡಿಸದೆ ಬೇಗ ಮುಗಿಸುತ್ತದೆ, ಒಪ್ಪುತ್ತೇನೆ. ಆದರೆ ನೀರಿನ ಪ್ರಮಾಣ ತುಸು ಹೆಚ್ಚುಕಮ್ಮಿಯಾದರೂ ಕೆಲಸ ನಿಲ್ಲುತ್ತದೆ, ದಿನಕ್ಕೆ ಹಲವು ಸಲ ನೋಡುತ್ತಿರಬೇಕು. ಹೊಸಬರಿಗೆ ಉರುಳುವುದೇ ಸರಿ.

ಬೇರೆ ಇಟ್ಟ ಮೆದು ಕಲ್ಲುಗಳನ್ನು ಎಸೆಯಬೇಡಿ. ಅಮೆರಿಕದ ಮಿಷಿಗನ್ ಸರೋವರದ ದಡದಲ್ಲಿ ಸಿಗುವ ಪೆಟಾಸ್ಕಿ ಕಲ್ಲು ಅಂಥದ್ದೇ. ಹಳೆಯ ಹವಳ ಕಲ್ಲಾಗಿ ಉಳಿದದ್ದು, ಮೈತುಂಬ ಆರು ಮೂಲೆಯ ಮನೆಗಳು. ಮಿಷಿಗನ್ ರಾಜ್ಯ 1965ರಲ್ಲಿ ಇದನ್ನು ತನ್ನ ರಾಜ್ಯದ ಕಲ್ಲು ಅಂತ ಘೋಷಿಸಿತು. ಇದನ್ನು ಬೆಣಚಿನ ಜೊತೆ ಡ್ರಮ್ಮಿಗೆ ಹಾಕಿದರೆ ಕಥೆ ಮುಗಿಯಿತು. ಕೈಯಲ್ಲೇ 220, 400, 600 ನಂಬರಿನ ವಾಟರ್ ಪೇಪರ್‌ನಿಂದ ನೀರು ಹಾಕಿ ಉಜ್ಜಿ, ಆಮೇಲೆ ಒದ್ದೆ ವೆಲ್ವೆಟ್ ಬಟ್ಟೆಗೆ ಪಾಲಿಶ್ ಪೌಡರ್ ಹಚ್ಚಿ ತಿಕ್ಕಬೇಕು. ಒಂದೇ ಸಂಜೆಯಲ್ಲಿ ಮುಗಿಯುತ್ತದೆ.

ಎರಡೂ ಬಗೆಯಲ್ಲಿ ಒಣ ಕಲ್ಲನ್ನು ಮಾತ್ರ ಉಜ್ಜಬೇಡಿ. ಬೆಣಚಿನ ದೂಳು ಶ್ವಾಸಕೋಶಕ್ಕೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗುವ ಕಾಯಿಲೆಯಲ್ಲ. ಮುಚ್ಚಿದ ಡ್ರಮ್ಮಿನಲ್ಲಿ ಕೆಲವೊಮ್ಮೆ ಗ್ಯಾಸ್ ತುಂಬಿಕೊಳ್ಳುತ್ತದೆ, ಮುಚ್ಚಳ ಉಬ್ಬಿದಂತೆ ಕಂಡರೆ ನಿಧಾನಕ್ಕೆ ತೆರೆದು ಗಾಳಿ ಬಿಡಿ. ಉಳಿದ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಸಿಮೆಂಟಿನಂತೆ ಗಟ್ಟಿ ಹಿಡಿಯುತ್ತದೆ. ಹಳೇ ಬಕೆಟ್ಟಿನಲ್ಲಿ ಎರಡು ದಿನ ಬಿಟ್ಟರೆ ಕೆಸರು ತಳ ಸೇರುತ್ತದೆ. ಮೇಲಿನ ತಿಳಿನೀರನ್ನು ಮಣ್ಣಿಗೆ ಚೆಲ್ಲಿ, ತಳದ್ದನ್ನು ತೇವ ಇರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಕಸಕ್ಕೆ ಹಾಕಿ.