ಗರೀನ್: ಗುಡ್ಡದ ಮೇಲೆ ಊರಾಗುವ ಬೀಜ

ಸೂರ್ಯಕಾಂತಿ ಬೀಜ ಇಸ್ರೇಲಿನವರಿಗೆ ನಮ್ಮ ಕಡಲೆಕಾಯಿ ಇದ್ದ ಹಾಗೆ. ಬಸ್‌ಸ್ಟಾಪಿನಲ್ಲಿ, ಫುಟ್‌ಬಾಲ್ ಮ್ಯಾಚಿನಲ್ಲಿ ಹಲ್ಲಿನಲ್ಲಿ ಕಚ್ಚಿ ಸಿಪ್ಪೆ ಬಿಸಾಡುತ್ತಾ ತಿನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ಗರೀನ್’, ಬಹುವಚನದಲ್ಲಿ ‘ಗರೀನಿಮ್’. ಪದದ ನಡುವೆ, ‘ಗರ್’ ಆದ ಮೇಲೆ, ಗಂಟಲಲ್ಲಿ ಸಣ್ಣ ತಡೆ ಇದೆ. ದಿನದ ಮಾತಿನಲ್ಲಿ ಅದು ಕರಗಿ ಹೋಗುತ್ತದೆ.

ಗರೀನ್ ಅಂದರೆ ಬೀಜ, ಕಾಳು, ತಿರುಳು. ಪರಮಾಣುವಿನ ನಡುವಿನ ನ್ಯೂಕ್ಲಿಯಸ್ಸಿಗೂ ಅದೇ ಪದ. ಕನ್ನಡದಲ್ಲೂ ಬೀಜದಿಂದಲೇ ‘ಬೈಜಿಕ’ ಮಾಡಿಕೊಂಡಿದ್ದೇವೆ ಅಲ್ವಾ, ಹಾಗೆ ಅವರು ‘ಗರೀನಿ’ ಮಾಡಿಕೊಂಡಿದ್ದಾರೆ. ಆದರೆ ಇವತ್ತು ಹೇಳಬೇಕಾಗಿರುವುದು ಇನ್ನೊಂದು ಅರ್ಥ. ಒಂದು ಜಾಗಕ್ಕೆ ಒಟ್ಟಿಗೆ ಹೋಗಿ ನೆಲೆಸಿ ಊರು ಕಟ್ಟಲು ಮೊದಲೇ ಸೇರಿ ತಯಾರಾದ ಜನರ ಗುಂಪಿಗೂ ಗರೀನ್ ಅನ್ನುತ್ತಾರೆ. ವೆಸ್ಟ್ ಬ್ಯಾಂಕಿನ ಗುಡ್ಡಗಳ ಮೇಲೆ ಯಹೂದಿ ವಸಾಹತುಗಳು ಹೇಗೆ ಹುಟ್ಟಿ ಬೆಳೆದವು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಈ ಅರ್ಥ ಹುಟ್ಟಿದ್ದು ದೇವರ ಹೆಸರಿನಲ್ಲಿ ಅಲ್ಲ. ಮೊದಲು ಬಳಸಿದವರು ಕಿಬ್ಬುಟ್ಸ್, ಅಂದರೆ ಆಸ್ತಿ ಎಲ್ಲರದೂ ಆದ ಹಳ್ಳಿ, ಕಟ್ಟಿದ ಸಮಾಜವಾದಿ ಯುವಕರು. ಅವರಲ್ಲಿ ಹೆಚ್ಚಿನವರಿಗೆ ಪೂಜೆ, ಪ್ರಾರ್ಥನೆಯ ಗೊಡವೆ ಇರಲಿಲ್ಲ. 1948ರಲ್ಲಿ ಇಸ್ರೇಲ್ ಸೈನ್ಯದಲ್ಲಿ ‘ನಹಲ್’ ಎಂಬ ವಿಭಾಗ ಶುರುವಾಯಿತು. ಯುವ ಸಂಘದಲ್ಲಿ ಒಟ್ಟಿಗೆ ಬೆಳೆದ ಹುಡುಗ ಹುಡುಗಿಯರು ಒಂದು ಗರೀನ್ ಆಗಿ ಸೈನ್ಯ ಸೇರುವುದು, ಸ್ವಲ್ಪ ಕಾಲ ಬಂದೂಕು, ಸ್ವಲ್ಪ ಕಾಲ ಹೊಲ, ಆಮೇಲೆ ಗಡಿಯಲ್ಲಿ ಒಂದು ಕಿಬ್ಬುಟ್ಸ್ ಕಟ್ಟಿ ಅಲ್ಲೇ ಉಳಿಯುವುದು. ಒಬ್ಬೊಬ್ಬರೇ ಹೋದರೆ ಊರಾಗುವುದಿಲ್ಲ, ಗುಂಪಾಗಿ ಹೋದರೆ ಮಾತ್ರ ಬೇರು ಹಿಡಿಯುತ್ತದೆ ಎಂಬುದು ಅವರ ಅನುಭವ.

1967ರ ಜೂನ್ ಯುದ್ಧದಲ್ಲಿ ಇಸ್ರೇಲ್ ಜೋರ್ಡಾನಿನ ಕೈಯಿಂದ ವೆಸ್ಟ್ ಬ್ಯಾಂಕನ್ನು ವಶ ಮಾಡಿಕೊಂಡಿತು. ಬೈಬಲ್ಲಿನ ಹೀಬ್ರೋನ್, ಶಿಲೋ, ಬೇತೇಲ್ ಎಲ್ಲ ಇರುವುದು ಅಲ್ಲಿಯೇ. ಜೆರುಸಲೇಮಿನ ಮೆರ್ಕಾಜ್ ಹರಾವ್ ಪಾಠಶಾಲೆಯ ಗುರು ಸ್ವೀ ಯೆಹುದಾ ಕೂಕ್ ತಮ್ಮ ಶಿಷ್ಯರಿಗೆ ಕಲಿಸಿದ್ದು ಇದು: ಯಹೂದಿಗಳು ಈ ನೆಲಕ್ಕೆ ಮರಳುವುದೇ ವಿಮೋಚನೆಯ ಶುರು, ಹಾಗಾಗಿ ಇದರ ಒಂದು ತುಂಡನ್ನೂ ಬಿಡುವಂತಿಲ್ಲ. ಜಿಯೋನಿಸಂ ಅಂದರೆ ಯಹೂದಿಗಳಿಗೆ ಅವರದೇ ನಾಡು ಬೇಕೆಂಬ ಚಳವಳಿ. ಧಾರ್ಮಿಕ ಜಿಯೋನಿಸಂ ಅನ್ನುವುದರಲ್ಲಿ ಬಹಳ ಜನ ಹಿಡಿದ ದಾರಿ ಇದೇ ಆಯಿತು. ಹೆಣೆದ ಬಟ್ಟೆಯ ಟೋಪಿ ಹಾಕಿಕೊಂಡು ಸೈನ್ಯದಲ್ಲಿ ದುಡಿದು, ಶಾಸ್ತ್ರವನ್ನೂ ಓದುವ ಜನ ಇವರು. ಕಪ್ಪು ಕೋಟಿನ ಹರೇದಿ ಸಂಪ್ರದಾಯಸ್ಥರು ಬೇರೆ, ಇವರು ಬೇರೆ. 1973ರ ಯುದ್ಧದ ಪೆಟ್ಟು ತಿಂದ ಮೇಲೆ, 1974ರಲ್ಲಿ, ಈ ಶಿಷ್ಯರೇ ಮುಂದೆ ನಿಂತು ‘ಗುಷ್ ಎಮುನಿಮ್’ ಕಟ್ಟಿದರು. ನಂಬಿಕೆಯವರ ಕೂಟ ಎಂದು ಆ ಹೆಸರಿನ ಅರ್ಥ. ಕಿಬ್ಬುಟ್ಸಿನವರ ಹಳೆಯ ಪದ ಗರೀನ್ ಇವರ ಕೈಗೆ ಬಂತು.

ಎಲ್ಲಕ್ಕಿಂತ ಹೆಸರಾದ ಗರೀನ್ ‘ಏಲೋನ್ ಮೋರೆ’. ಕಾನಾನ್ ನಾಡಿಗೆ ಬಂದ ಅಬ್ರಹಾಮ ಮೊದಲು ನಿಂತ ಜಾಗದ ಹೆಸರು ಅದು, ಇಂದಿನ ನಾಬ್ಲುಸ್ ನಗರದ ಹತ್ತಿರ. ಈ ಗುಂಪು 1974ರಿಂದ ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬೀಡು ಬಿಟ್ಟಿತು, ಸೈನ್ಯ ಮತ್ತೆ ಮತ್ತೆ ಎಬ್ಬಿಸಿತು. 1975ರ ಡಿಸೆಂಬರಿನಲ್ಲಿ, ಹನುಕ್ಕಾ ಹಬ್ಬದ ದಿನಗಳಲ್ಲಿ, ಸೆಬಾಸ್ತಿಯಾ ಹತ್ತಿರದ ಹಾಳುಬಿದ್ದ ಒಟ್ಟೋಮನ್ ಕಾಲದ ರೈಲು ನಿಲ್ದಾಣದಲ್ಲಿ ಅವರು ಮತ್ತೆ ಕೂತರು. ಸಾವಿರಾರು ಜನ ಬೆಂಬಲಕ್ಕೆ ಬಂದರು. ಕೊನೆಗೆ ಸರ್ಕಾರ ರಾಜಿಗೆ ಬಂತು. 30 ಕುಟುಂಬಗಳು ಪಕ್ಕದ ಕದುಮ್ ಸೈನಿಕ ಶಿಬಿರದಲ್ಲಿ ಇರಬಹುದು ಎಂದಿತು. ಆ ಶಿಬಿರವೇ ಮುಂದೆ ಕೆದುಮಿಮ್ ಎಂಬ ಊರಾಯಿತು. 1977ರ ಮೇ ತಿಂಗಳಲ್ಲಿ ಚುನಾವಣೆ ಗೆದ್ದ ಮೆನಾಹೆಮ್ ಬೆಗಿನ್ ಅಲ್ಲಿಗೆ ಬಂದು, ಇಂಥ ಏಲೋನ್ ಮೋರೆಗಳು ಇನ್ನೂ ಬಹಳ ಆಗುತ್ತವೆ ಎಂದು ಸಾರಿದರು.

ಅದಕ್ಕೂ ಮೊದಲು, 1975ರ ಏಪ್ರಿಲಿನಲ್ಲಿ, ರಮಲ್ಲಾದ ಉತ್ತರಕ್ಕೆ ಓಫ್ರಾ ಎಂಬ ವಸಾಹತು ಶುರುವಾಗಿತ್ತು. ಅಲ್ಲಿ ಗಲಾಟೆಯೇ ಇರಲಿಲ್ಲ. ಸೈನಿಕ ನೆಲೆಗೆ ಬೇಲಿ ಹಾಕುವ ಕೂಲಿ ಕೆಲಸಕ್ಕೆ ಹೋದ ಗುಂಪು ಒಂದು ಸಂಜೆ ಮನೆಗೆ ವಾಪಸ್ ಹೋಗಲಿಲ್ಲ. ಜೋರ್ಡಾನ್ ಸೈನ್ಯ ಬಿಟ್ಟುಹೋದ ಕಟ್ಟಡಗಳಲ್ಲಿ ಮಲಗಿತು. ಸಹಾಯ ಮಾಡಬೇಡಿ, ತಡೆಯಲೂ ಬೇಡಿ ಎಂದು ಆಗಿನ ರಕ್ಷಣಾ ಸಚಿವ ಶಿಮೊನ್ ಪೆರೆಸ್ ಸೈನ್ಯಕ್ಕೆ ಹೇಳಿದರು. ‘ಯಿಶುವ್ ಕೆಹಿಲಾತಿ’, ಅಂದರೆ ಸಮುದಾಯದ ಊರು ಎಂಬ ಹೊಸ ಮಾದರಿ ರೂಪುಗೊಂಡದ್ದು ಓಫ್ರಾದಂಥ ಊರುಗಳಲ್ಲಿ. ಕಿಬ್ಬುಟ್ಸಿನ ಹಾಗೆ ಆಸ್ತಿ ಎಲ್ಲರದೂ ಅಲ್ಲ. ಮನೆ, ಸಂಬಳ ಅವರವರದು, ಕೆಲಸಕ್ಕೆ ಪೇಟೆಗೆ ಹೋಗುತ್ತಾರೆ. ಆದರೆ ಊರಿಗೆ ಯಾರು ಸೇರಬಹುದು ಎಂದು ಊರೇ ತೀರ್ಮಾನ ಮಾಡುತ್ತದೆ.

ಬೀಜ ಮೊಳೆಯುವುದು ಹೇಗೆ? ಇಲ್ಲಿ ಧರ್ಮದ ದಿನಚರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಒಂಬತ್ತು ಜನ ಇದ್ದರೆ ಕೆಲವು ಮಂತ್ರಗಳನ್ನು ಹೇಳುವಂತೆಯೇ ಇಲ್ಲ. ಆದ್ದರಿಂದ ಒಂಟಿ ಕುಟುಂಬ ಗುಡ್ಡ ಹತ್ತಿ ನೆಮ್ಮದಿಯಾಗಿ ಬದುಕುವುದು ಕಷ್ಟ. ಕಾಯಿಲೆ ಬಿದ್ದವರು, ಸೈನ್ಯದ ಕರೆಗೆ ಹೋದವರು ಎಲ್ಲ ಕಳೆದು ಹತ್ತು ಉಳಿಯಬೇಕು ಅಂದರೆ ಅದಕ್ಕಿಂತ ಜಾಸ್ತಿ ಮನೆ ಬೇಕು. ಶನಿವಾರದ ಶಬ್ಬಾತಿನ ದಿನ ವಾಹನ ಹತ್ತುವಂತಿಲ್ಲ, ಹಾಗಾಗಿ ಎಲ್ಲರೂ ಪ್ರಾರ್ಥನಾ ಮಂದಿರಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಅವತ್ತು ಮಗುವನ್ನು ಎತ್ತಿಕೊಂಡು ಬೀದಿಗೆ ಬರಬೇಕಾದರೂ ಊರಿನ ಸುತ್ತ ‘ಏರುವ್’ ಎಂಬ ತಂತಿಯ ಎಲ್ಲೆ ಇರಬೇಕು. ಮದುವೆಯಾದ ಹೆಂಗಸರ ಶುದ್ಧಿಸ್ನಾನಕ್ಕೆ ‘ಮಿಕ್ವೆ’ ಎಂಬ ಕೊಳ ಬೇಕು. ಹೀಗೆ ಧರ್ಮವೇ ಊರನ್ನು ಒತ್ತೊತ್ತಾಗಿ ಕಟ್ಟಿಸುತ್ತದೆ.

ಮೊದಲು ಬರುವುದು ‘ಕರಾವಾನ್’, ಲಾರಿಯಲ್ಲಿ ತಂದಿಳಿಸುವ ರೆಡಿಮೇಡ್ ತಗಡಿನ ಮನೆ. ಜನರೇಟರ್, ನೀರಿನ ಟ್ಯಾಂಕು. ಒಂದು ಕರಾವಾನ್ ಪ್ರಾರ್ಥನೆಗೆ, ಇನ್ನೊಂದು ಶಿಶುವಿಹಾರಕ್ಕೆ. ಕೆಲವು ವರ್ಷದ ಮೇಲೆ ಕೆಂಪು ಹೆಂಚಿನ ಪಕ್ಕಾ ಮನೆಗಳು. ಹೊಸಬರು ಬರುವಾಗ ‘ವಾದತ್ ಕಬಲಾ’, ಅಂದರೆ ಸೇರ್ಪಡೆ ಸಮಿತಿ ಮಾತಾಡಿಸುತ್ತದೆ. ಬಹಳ ಕಡೆ ಮೊದಲು ಬಾಡಿಗೆಗೆ ಇದ್ದು ಊರಿಗೆ ಹೊಂದಿಕೊಳ್ಳಬೇಕು, ಆಮೇಲೆ ಸದಸ್ಯತ್ವ. ಬಾಣಂತಿಯ ಮನೆಗೆ ನೆರೆಯವರು ಸರದಿಯಲ್ಲಿ ಅಡುಗೆ ಮಾಡಿ ಕಳಿಸುತ್ತಾರೆ. ಮನೆ ತುಂಬ ಮಕ್ಕಳು. ಊರ ಬಾಗಿಲಿನ ಆಚೆ ‘ತ್ರೆಂಪಿಯಾದಾ’ ಇರುತ್ತದೆ, ದಾರಿಹೋಕರ ಕಾರಿಗೆ ಕೈ ತೋರಿಸಿ ಹತ್ತಿಕೊಳ್ಳುವ ಜಾಗ. ಹದಿನಾರರ ಹುಡುಗಿಯೂ ಹಾಗೆ ಅಪರಿಚಿತರ ಕಾರು ಹತ್ತಿ ಶಾಲೆಗೆ ಹೋಗುತ್ತಾಳೆ, ಅಷ್ಟು ನಂಬಿಕೆ. ಬಾಗಿಲ ಹತ್ತಿರ ಬಂದೂಕಿನ ಕಾವಲೂ ಇರುತ್ತದೆ. ಆ ನಂಬಿಕೆ, ಈ ಕಾವಲು ಎರಡೂ ಒಂದೇ ಊರಿನ ಬದುಕು.

ಒಳಗಿನವರಿಗೆ ಬೀಜ ಎಂಬ ಮಾತು ನಿಜವಾಗಿಯೂ ಹೊಂದುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಹತ್ತು ಕರಾವಾನ್ ಇದ್ದದ್ದು ನೂರು ಮನೆ ಆದದ್ದನ್ನು ಕಣ್ಣಾರೆ ಕಂಡವರು ಅವರು. ಆದರೆ ಬೀಜ ಬೀಳುವುದು ನೆಲದ ಮೇಲೆ. ಆ ನೆಲ ಯಾರದು ಎಂಬುದರ ಬಗ್ಗೆ ಈ ಪದದೊಳಗೆ ಒಂದು ಸುಳಿವೂ ಇಲ್ಲ. ಅದಕ್ಕೇ ಪದದ ಅರ್ಥವನ್ನು ಅಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಿಲ್ಲ.

ಗುಡ್ಡದ ತುದಿಯೇ ಏಕೆ? ಮೇಲಿದ್ದರೆ ಕಾವಲಿಗೆ ಸುಲಭ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಒಂದು ಕೋರ್ಟ್ ತೀರ್ಪು. ಏಲೋನ್ ಮೋರೆ ಗುಂಪಿನ ಒಂದು ಭಾಗಕ್ಕೆ 1979ರಲ್ಲಿ ನಾಬ್ಲುಸ್ ಹತ್ತಿರದ ರುಜೀಬ್ ಎಂಬ ಹಳ್ಳಿಯವರ ಖಾಸಗಿ ಜಮೀನನ್ನು ಸೈನ್ಯದ ಅಗತ್ಯ ಎಂದು ಹೇಳಿ ಕೊಡಲಾಯಿತು. ಹಳ್ಳಿಯವರು ಇಸ್ರೇಲಿನ ಸುಪ್ರೀಂ ಕೋರ್ಟಿಗೆ ಹೋದರು. ಅಕ್ಟೋಬರಿನಲ್ಲಿ ಕೋರ್ಟು ಹಳ್ಳಿಯವರ ಪರ ತೀರ್ಪು ಕೊಟ್ಟು, ವಸಾಹತು ಎತ್ತಿಸಿತು. ಆಮೇಲೆ ಸರ್ಕಾರ ಬೇರೆ ದಾರಿ ಹುಡುಕಿತು. 1858ರ ಒಟ್ಟೋಮನ್ ಭೂ ಕಾನೂನಿನಂತೆ, ಯಾರ ಹೆಸರಿಗೂ ನೋಂದಣಿಯಾಗದ ಜಮೀನಿನಲ್ಲಿ ಉಳುಮೆ ಮಾಡಿದವರಿಗೆ ಹಕ್ಕು. ಉಳದೆ ಬಿಟ್ಟ ನೆಲವನ್ನು ಸರ್ಕಾರದ್ದು ಎಂದು ಘೋಷಿಸಬಹುದು. ಪ್ಯಾಲೆಸ್ಟೀನಿನ ರೈತರು ಉಳುವುದು ಕಣಿವೆಯನ್ನು, ಇಳಿಜಾರಿನ ಮೆಟ್ಟಿಲು ಹೊಲಗಳನ್ನು. ತುದಿ ಬರೀ ಬಂಡೆ. ಹಾಗಾಗಿ ಘೋಷಣೆಗಳು ತುದಿಗಳ ಮೇಲೆ ಬಿದ್ದವು. ರೈತರ ಲೆಕ್ಕದಲ್ಲಿ ಆ ಬಂಡೆ ಸುಮ್ನೆ ಬಿದ್ದ ಜಾಗ ಆಗಿರಲಿಲ್ಲ. ಅದು ಕುರಿ, ಮೇಕೆ ಮೇಯುವ ಗೋಮಾಳ, ನಾಳೆ ಮಕ್ಕಳು ಮನೆ ಕಟ್ಟುವ ಜಾಗ. ಖಾಸಗಿ ಜಮೀನೂ ಉಳಿಯಲಿಲ್ಲ. ಓಫ್ರಾದ ಕಟ್ಟಡಗಳಿರುವ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾಲೆಸ್ಟೀನಿಯರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ಇಸ್ರೇಲಿನದೇ ಮಾನವ ಹಕ್ಕು ಸಂಸ್ಥೆ ಬೆತ್ಸೆಲೆಮ್ 2008ರಲ್ಲಿ ವರದಿ ಮಾಡಿತು.

ಬೀಜದಿಂದ ಬಂದ ಗಿಡ ಮತ್ತೆ ಬೀಜ ಉದುರಿಸುತ್ತದೆ. ಎಪ್ಪತ್ತರ ದಶಕದಲ್ಲಿ ಬಂದವರ ಮಕ್ಕಳು ದೊಡ್ಡವರಾದಾಗ ಪಕ್ಕದ ಗುಡ್ಡ ಕಂಡಿತು. 1998ರ ನವೆಂಬರಿನಲ್ಲಿ, ವಿದೇಶಾಂಗ ಸಚಿವರಾಗಿದ್ದ ಏರಿಯಲ್ ಶರೋನ್, ಓಡಿ ಹೋಗಿ ಆದಷ್ಟು ಗುಡ್ಡ ಹಿಡಿಯಿರಿ ಎಂದು ಕರೆ ಕೊಟ್ಟರು. ಸರ್ಕಾರದ ಅನುಮತಿ ಇಲ್ಲದೆ ಎದ್ದ ಇಂಥ ನೆಲೆಗೆ ‘ಮಾಹಜ್’ ಎನ್ನುತ್ತಾರೆ, ಹಿಡಿತ ಎಂಬ ಅರ್ಥದ ಪದ. ಅಲ್ಲಿನ ಜನ ಬರೀ ‘ಗಿವಾ’, ಗುಡ್ಡ, ಎಂದು ಕರೆಯುತ್ತಾರೆ. ಅನುಮತಿ ಇಲ್ಲದಿದ್ದರೂ ರಸ್ತೆ, ಕರೆಂಟು ಹೇಗೆ ಬಂತು? ಸರ್ಕಾರದ ಇಲಾಖೆಗಳೇ ದುಡ್ಡು ಕೊಟ್ಟಿದ್ದವು ಎಂದು ವಕೀಲೆ ತಾಲಿಯಾ ಸಾಸೋನ್ 2005ರಲ್ಲಿ ಸರ್ಕಾರಕ್ಕೇ ಕೊಟ್ಟ ವರದಿಯಲ್ಲಿ ಬರೆದರು. ಮಿಗ್ರೋನ್ ಎಂಬ ನೆಲೆಯನ್ನು ಕೋರ್ಟಿನ ಆದೇಶದಿಂದ 2012ರಲ್ಲಿ, ಅಮೋನಾವನ್ನು 2017ರಲ್ಲಿ ಖಾಲಿ ಮಾಡಿಸಿದರು. ಅಮೋನಾದ ಸುಮಾರು 40 ಕುಟುಂಬಗಳಿಗಾಗಿ ಸರ್ಕಾರ ಶಿಲೋ ಬಳಿ ಅಮಿಹಾಯ್ ಎಂಬ ಹೊಸ ಊರನ್ನೇ ಕಟ್ಟಿಕೊಟ್ಟಿತು.

ಈ ಬೆಳೆಯುವ ಭಾಷೆ ರಾಜತಾಂತ್ರಿಕ ಕಾಗದಗಳಿಗೂ ಹೋಗಿದೆ. ‘ರಿಬುಯ್ ತಿವ್ಈ’ ಅಂದರೆ ಸಹಜ ಬೆಳವಣಿಗೆ. ಹುಟ್ಟಿದ ಮಕ್ಕಳಿಗೆ ಶಾಲೆ, ಮದುವೆಯಾದವರಿಗೆ ಮನೆ ಬೇಡವೇ ಎಂಬುದು ಇಸ್ರೇಲಿನ ವಾದ. 2003ರ ಶಾಂತಿ ಯೋಜನೆಯಾದ ‘ರೋಡ್‌ಮ್ಯಾಪ್’, ಸಹಜ ಬೆಳವಣಿಗೆಯೂ ಸೇರಿ ಎಲ್ಲವೂ ನಿಲ್ಲಬೇಕು ಎಂದು ಬಿಡಿಸಿ ಬರೆಯಿತು. ನಿಲ್ಲಲಿಲ್ಲ. ಪೂರ್ವ ಜೆರುಸಲೇಮ್ ಬಿಟ್ಟು ವೆಸ್ಟ್ ಬ್ಯಾಂಕಿನಲ್ಲಿ ಈಗ 5 ಲಕ್ಷಕ್ಕೂ ಹೆಚ್ಚು ವಸಾಹತಿಗರಿದ್ದಾರೆ. ಎಲ್ಲರೂ ಗುಡ್ಡದ ಮೇಲಿನ ಧಾರ್ಮಿಕ ಜಿಯೋನಿಸ್ಟರಲ್ಲ. ಅತಿ ದೊಡ್ಡ ಎರಡು ಊರುಗಳಾದ ಮೋದಿಯಿನ್ ಇಲ್ಲಿತ್, ಬೇತಾರ್ ಇಲ್ಲಿತ್ ಹರೇದಿಗಳವು, ಅವರನ್ನು ಕರೆತಂದದ್ದು ಕಡಿಮೆ ಬೆಲೆಯ ಮನೆ. ನಮ್ಮ ಮಣಿಪುರ, ಮಿಜೋರಾಮಿನಿಂದ ಹೋದ, ತಮ್ಮದು ಯಹೂದಿ ಮೂಲ ಎನ್ನುವ ಬ್ನೇ ಮೆನಾಶೆ ಜನರೂ ಹೀಬ್ರೋನ್ ಪಕ್ಕದ ಕಿರ್ಯತ್ ಅರ್ಬಾದಲ್ಲಿದ್ದಾರೆ.

ಇಂಥ ಊರುಗಳಿಗೆ ಏನು ಹೆಸರು ಎಂಬುದರಲ್ಲೂ ಜಗಳವಿದೆ. ಅಲ್ಲಿರುವವರು ‘ಹಿತ್ಯಶ್ವುತ್’ ಎನ್ನುತ್ತಾರೆ, ನೆಲೆಸುವಿಕೆ ಎಂಬ ಗೌರವದ ಪದ. ಒಪ್ಪದ ಇಸ್ರೇಲಿಗಳು ‘ಹಿತ್ನಹಲುತ್’ ಎನ್ನುತ್ತಾರೆ. ಅರಬ್ಬಿಯಲ್ಲಿ ಅದು ‘ಮುಸ್ತವ್ತನ’. ವಶಪಡಿಸಿಕೊಂಡ ನೆಲಕ್ಕೆ ತನ್ನ ಪ್ರಜೆಗಳನ್ನು ಸಾಗಿಸಬಾರದು ಎಂಬ ನಾಲ್ಕನೇ ಜಿನೀವಾ ಒಪ್ಪಂದದ 49ನೇ ವಿಧಿಯನ್ನು ಆಧಾರವಾಗಿಟ್ಟುಕೊಂಡು ಜಗತ್ತಿನ ಹೆಚ್ಚಿನ ದೇಶಗಳು ಇದನ್ನು ಅಕ್ರಮ ಎನ್ನುತ್ತವೆ. ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈನಲ್ಲಿ ಅದನ್ನೇ ಹೇಳಿತು. ಇಸ್ರೇಲ್ ಸರ್ಕಾರ ಒಪ್ಪುವುದಿಲ್ಲ.

ಸಾವು ಎರಡೂ ಕಡೆ ಮನೆ ಹೊಕ್ಕಿದೆ. 2011ರ ಮಾರ್ಚಿನಲ್ಲಿ ಇತಮಾರ್ ಎಂಬ ಗುಡ್ಡದೂರಿನಲ್ಲಿ ಮಲಗಿದ್ದ ಒಂದೇ ಮನೆಯ ಐವರನ್ನು ಇರಿದು ಕೊಂದರು, ಅವರಲ್ಲಿ ಮೂವರು ಮಕ್ಕಳು. 2015ರ ಜುಲೈನಲ್ಲಿ ದುಮಾ ಎಂಬ ಪ್ಯಾಲೆಸ್ಟೀನ್ ಹಳ್ಳಿಯಲ್ಲಿ ಮಲಗಿದ್ದ ಮನೆಗೆ ಬೆಂಕಿ ಹಾಕಿದರು. ಒಂದೂವರೆ ವರ್ಷದ ಕೂಸು, ಆಮೇಲೆ ಅದರ ಅಪ್ಪ, ಅಮ್ಮ ತೀರಿಕೊಂಡರು. ಬೆಂಕಿ ಹಾಕಿದ್ದಕ್ಕೆ ಒಬ್ಬ ವಸಾಹತಿಗನಿಗೆ ಇಸ್ರೇಲಿನ ಕೋರ್ಟು ಶಿಕ್ಷೆ ಕೊಟ್ಟಿದೆ.

ಇತ್ತೀಚೆಗೆ ವಸಾಹತಿಗರ ಕುರಿಮಂದೆಯ ಫಾರ್ಮ್‌ಗಳು ಹೆಚ್ಚಾಗಿವೆ. ಇಲ್ಲಿ ಹತ್ತು ಕುಟುಂಬದ ಗರೀನ್ ಕೂಡ ಬೇಡ. ಒಂದು ಕುಟುಂಬ, ನಾಲ್ಕು ಹುಡುಗರು, ಒಂದು ಮಂದೆ ಇದ್ದರೆ ಮೇಯಿಸುತ್ತಲೇ ದೊಡ್ಡ ಬಯಲು ಕೈಗೆ ಬರುತ್ತದೆ. ಅಲ್ಲಿ ಮೊದಲಿನಿಂದ ಕುರಿ ಮೇಯಿಸುತ್ತಿದ್ದ ಐನ್ ಸಾಮಿಯಾ, ವಾದಿ ಅಸ್ಸೀಕ್‌ನಂಥ ಹಟ್ಟಿಗಳ ಪ್ಯಾಲೆಸ್ಟೀನಿಯರು 2023ರಲ್ಲಿ ಜಾಗ ಬಿಟ್ಟು ಹೋದರು.

ಗರೀನ್ ಪದ ಇಸ್ರೇಲಿನ ಒಳಗೂ ಇದೆ. ‘ಗರೀನ್ ತೊರಾನಿ’ ಎಂದರೆ ಲೋದ್, ರಮ್ಲೆಯಂಥ ಬಡ, ಮಿಶ್ರ ಪಟ್ಟಣಗಳಿಗೆ ಹೋಗಿ ನೆಲೆಸುವ ಧಾರ್ಮಿಕ ಕುಟುಂಬಗಳ ಗುಂಪು. ಗುಡ್ಡಗಳ ಕೆಲಸದಲ್ಲಿ ಈಗ ಈ ಪದವನ್ನು ಜಾಸ್ತಿ ಬಳಸುವುದು ‘ನಹಲಾ’ ಎಂಬ ಸಂಘಟನೆ. ಅದರ ಮುಂದಾಳು ಡ್ಯಾನಿಯೆಲ್ಲಾ ವೈಸ್ ಹಿಂದೆ ಕೆದುಮಿಮ್‌ನ ಮೇಯರ್ ಆಗಿದ್ದವರು. 2024ರ ಜನವರಿಯಲ್ಲಿ ಜೆರುಸಲೇಮಿನಲ್ಲಿ ನಡೆದ ಸಮಾವೇಶದಲ್ಲಿ ಗಾಜಾಕ್ಕೆ ಹೋಗುವ ಗರೀನಿಮ್ ತಯಾರಾಗಿವೆ ಎಂದು ಅವರ ಕಡೆಯವರು ಹೇಳಿದರು.

ಗರೀನ್ ಎಷ್ಟು ಬೇಗ ಊರಾಗಬಹುದು ಎಂಬುದಕ್ಕೆ ನಹಲಾ ಕಟ್ಟಿದ ಎವ್ಯತಾರ್ ಸಾಕು. ನಾಬ್ಲುಸಿನ ದಕ್ಷಿಣಕ್ಕೆ, 2021ರ ಮೇ ತಿಂಗಳಲ್ಲಿ ಶುರು ಮಾಡಿ ಕೆಲವೇ ವಾರಗಳಲ್ಲಿ ಸುಮಾರು 50 ಕುಟುಂಬಗಳನ್ನು ಕೂರಿಸಿದರು. ಜುಲೈ 2ರಂದು ಸರ್ಕಾರದ ಜೊತೆ ಒಪ್ಪಂದವಾಗಿ ಎಲ್ಲರೂ ಇಳಿದರು. ಮನೆಗಳು ಹಾಗೇ ನಿಂತವು, ಸೈನ್ಯ ಕಾವಲು ನಿಂತಿತು. 2024ರ ಜೂನಿನಲ್ಲಿ ಸರ್ಕಾರ ಅದಕ್ಕೆ ಮಾನ್ಯತೆ ಕೊಡಲು ಒಪ್ಪಿತು. ಕೆಳಗಿನ ಬೇತಾ ಊರಿನವರು ಅದರ ವಿರುದ್ಧ ವಾರ ವಾರ ಮೆರವಣಿಗೆ ತೆಗೆದರು, ಸೈನ್ಯದ ಗುಂಡಿಗೆ ಹಲವರು ಸತ್ತರು. ಅವರ ಬಾಯಲ್ಲಿ ಆ ಗುಡ್ಡದ ಹೆಸರು ಇವತ್ತಿಗೂ ಜಬಲ್ ಸಬೀಹ್.