ಎರಡು ಕಾಲಗಣನೆಗಳ ನಡುವೆ ಥರ್ಡ್ ಇಂಪೀರಿಯಂ

ದಾವಣಗೆರೆಯಲ್ಲಿ ಭಾನುವಾರಗಳಂದು ಸೇರಿ, ಬಾಹ್ಯಾಕಾಶದ ಪಾತ್ರಾಭಿನಯದ ಆಟವಾದ ಟ್ರಾವೆಲರ್ ಆಡುವ ನಮ್ಮ ಗುಂಪಿಗೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಆಟದ ಕಥೆಯ ನಕ್ಷತ್ರ ಸಾಮ್ರಾಜ್ಯವಾದ ಥರ್ಡ್ ಇಂಪೀರಿಯಂನ ಚಕ್ರವರ್ತಿ ಸ್ಟ್ರೆಫಾನ್ ಬದುಕಿದ್ದಾನೆಯೇ ಎಂಬುದು. ಕೈಯಲ್ಲಿರುವ ಪುಸ್ತಕ ಯಾವಾಗ ಅಚ್ಚಾಯಿತು, ಅದರ ಕಥೆ ಸಾಮ್ರಾಜ್ಯದ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬ ಎರಡನ್ನೂ ನೋಡದೆ ಇದಕ್ಕೆ ಉತ್ತರ ಹೇಳಲಾಗದು. ಚಿತ್ರದುರ್ಗದ ಕೋಟೆಯಲ್ಲಿ ಶಾಸನ ಓದುವಾಗ ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತವರ್ಷವನ್ನು ಅಂದಾಜು ಮಾಡಿದವರಿಗೆ ಈ ಜೋಡಿ ಲೆಕ್ಕ ಹೊಸದೇನಲ್ಲ.

1977ರಲ್ಲಿ ಮಾರ್ಕ್ ಮಿಲ್ಲರ್ ರೂಪಿಸಿದ ಈ ಆಟವನ್ನು ಅಮೆರಿಕದ ಇಲಿನಾಯ್‌ನ ಗೇಮ್ ಡಿಸೈನರ್ಸ್ ವರ್ಕ್‌ಶಾಪ್, ಒಂದು ಪೆಟ್ಟಿಗೆಯಲ್ಲಿ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಪ್ರಕಟಿಸಿತು. ಅವುಗಳಲ್ಲಿ ದಾಳ ಉರುಳಿಸಿ ಗ್ರಹಗಳನ್ನು ಸೃಷ್ಟಿಸುವ ನಿಯಮಗಳಿದ್ದವೇ ಹೊರತು ಸಿದ್ಧವಾದ ಕಥಾಲೋಕ ಇರಲಿಲ್ಲ. 1979ರಲ್ಲಿ ಬಂದ ಸ್ಪಿನ್‌ವರ್ಡ್ ಮಾರ್ಚಸ್ ಎಂಬ ಪುರವಣಿ ಅದೇ ನಿಯಮಗಳಿಂದ ಒಂದು ಇಡೀ ಗಡಿಪ್ರಾಂತ್ಯವನ್ನು ಕಟ್ಟಿಕೊಟ್ಟಿತು. ಅಲ್ಲಿನ ರೆಜಿನಾ ಗ್ರಹದ ಸಂಕೇತ ಎ788899 ಎಂದು ಆರಂಭವಾಗುತ್ತದೆ. ಎ ಎಂದರೆ ಅತ್ಯುತ್ತಮ ದರ್ಜೆಯ ನೌಕಾನಿಲ್ದಾಣ, 7 ಎಂದರೆ ಸುಮಾರು ಏಳು ಸಾವಿರ ಮೈಲಿ ವ್ಯಾಸ. ಮೊದಲ 8 ದಟ್ಟ ವಾಯುಮಂಡಲವನ್ನೂ, ಎರಡನೆಯದು ಶೇಕಡಾ 80ರಷ್ಟು ನೀರನ್ನೂ, ಮೂರನೆಯದು ಹತ್ತು ಕೋಟಿಗೆ ಮೇಲ್ಪಟ್ಟ ಜನಸಂಖ್ಯೆಯನ್ನೂ ಸೂಚಿಸುತ್ತವೆ. ಎರಡು 9ಗಳು ಆಡಳಿತ ಮತ್ತು ಕಾನೂನಿನ ಬಿಗಿಯನ್ನು ಹೇಳುತ್ತವೆ. ಒಂದೇ ಸಾಲಿನಲ್ಲಿ ಒಂದು ನಾಡು ಅಡಗಿರುವ ಈ ಬರವಣಿಗೆಯನ್ನು ಓದಲು ಕಲಿತವರಿಗೆ ಉಳಿದೆಲ್ಲ ಪುಸ್ತಕಗಳೂ ಸುಲಭವಾಗುತ್ತವೆ.

ಅದೇ ವರ್ಷ ಆರಂಭವಾದ ಸಂಸ್ಥೆಯ ಪತ್ರಿಕೆಯು ಸಾಮ್ರಾಜ್ಯದ 1105ನೆಯ ವರ್ಷದಿಂದ ಸುದ್ದಿಗಳನ್ನು ಅಚ್ಚು ಹಾಕುತ್ತ, ಓದುಗರ ವರ್ಷಗಳ ಜೊತೆಜೊತೆಗೇ ಕಥೆಯ ವರ್ಷಗಳನ್ನೂ ಮುಂದಕ್ಕೆ ನಡೆಸಿತು. ಈ ಲೋಕದಲ್ಲಿ ನೌಕೆಗಿಂತ ವೇಗವಾಗಿ ಸುದ್ದಿ ಸಾಗದು. ನಕ್ಷತ್ರದಿಂದ ನಕ್ಷತ್ರಕ್ಕೆ ನೌಕೆಯ ಒಂದೊಂದು ಜಿಗಿತಕ್ಕೂ ಸುಮಾರು ಒಂದು ವಾರ ಬೇಕು. ಹೀಗಾಗಿ 1107ರಲ್ಲಿ ಆರಂಭವಾದ ಐದನೆಯ ಗಡಿಯುದ್ಧದ ವಾರ್ತೆ, ಸಂಚಿಕೆಯಿಂದ ಸಂಚಿಕೆಗೆ ಕಾಯುತ್ತಿದ್ದ ಓದುಗರಿಗೂ ಆಟದ ಪಾತ್ರಗಳಿಗೂ ತಡವಾಗಿಯೇ ತಲುಪುತ್ತಿತ್ತು. ಇಡೀ ಪ್ರಕಟಣಾ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು.

1987ರ ಹೊಸ ಆವೃತ್ತಿಯಾದ ಮೆಗಾಟ್ರಾವೆಲರ್‌ನಲ್ಲಿ ಸ್ಟ್ರೆಫಾನ್ 1116ರಲ್ಲಿ ಕೊಲೆಯಾಗಿ ಸಾಮ್ರಾಜ್ಯ ಒಡೆಯಿತು. ಅದರ ನಂತರದ, 1993ರ ನ್ಯೂ ಎರಾ ಆವೃತ್ತಿಯಲ್ಲಿ ಯಂತ್ರಗಳನ್ನು ಆಕ್ರಮಿಸುವ ವೈರಸ್ 1130ರಲ್ಲಿ ಉಳಿದದ್ದನ್ನೂ ನಾಶಮಾಡಿತು. ಇದನ್ನು ಕೆಟ್ಟ ಕಥೆ ಎಂದು ನಾನು ಹೇಳಲಾರೆ. ಆದರೆ ಹದಿನಾಲ್ಕು ವರ್ಷಗಳಲ್ಲಿ ಓದುಗರು ಬಾಯಿಪಾಠ ಮಾಡಿಕೊಂಡಿದ್ದ ಲೋಕವನ್ನು ಅಳಿಸಿದ್ದು ಬಲು ದೊಡ್ಡ ನಷ್ಟ. 1996ರಲ್ಲಿ ಪ್ರಕಾಶನ ಸಂಸ್ಥೆಯೇ ಮುಚ್ಚಿತು.

ಅದೇ ವರ್ಷ ಇಂಪೀರಿಯಂ ಗೇಮ್ಸ್ ಕಥೆಯನ್ನು ಸಾಮ್ರಾಜ್ಯದ ಸೊನ್ನೆಯ ವರ್ಷಕ್ಕೆ ಒಯ್ದಿತು. 1998ರಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಪ್ರಕಟಿಸಿದ ಬೇರೊಂದು ಆವೃತ್ತಿಯಾದ ಗರ್ಪ್ಸ್ ಟ್ರಾವೆಲರ್‌ನಲ್ಲಿ ಹತ್ಯೆಯೇ ನಡೆದಿಲ್ಲ. ಕಥೆ 1120ಕ್ಕೆ ಬಂದಿದ್ದರೂ ಸ್ಟ್ರೆಫಾನ್ ಸಿಂಹಾಸನದ ಮೇಲಿದ್ದಾನೆ. ಇದನ್ನು ಮೆಗಾಟ್ರಾವೆಲರ್ ಜೊತೆ ಬೆರೆಸಿ ಓದಿದವರು ಖಂಡಿತ ದಾರಿ ತಪ್ಪುತ್ತಾರೆ. 2008ರಿಂದ ಆಟವನ್ನು ಪ್ರಕಟಿಸುತ್ತಿರುವ ಮಾಂಗೂಸ್ ಪಬ್ಲಿಷಿಂಗ್ ಮತ್ತೆ 1105ಕ್ಕೆ ಮರಳಿತು. ನಮ್ಮ ಭಾನುವಾರದ ಆಟವೂ ಆ ವರ್ಷದಲ್ಲಿಯೇ ನಡೆಯುತ್ತಿದೆ. ಸ್ಟ್ರೆಫಾನ್ ಬದುಕಿದ್ದಾನೆ, ಮೆಗಾಟ್ರಾವೆಲರ್ ಹೇಳುವ ಹತ್ಯೆಗೆ ಇನ್ನೂ ಹನ್ನೊಂದು ವರ್ಷಗಳಿವೆ.